ಸಣ್ಣ ವಿಶ್ವವಿದ್ಯಾಲಯದ ದೊಡ್ಡ ಆಸ್ತಿ



ಒಂದು ವಿದ್ಯಾಸಂಸ್ಥೆಯ ಆಸ್ತಿ ಯಾವುದು? ಲೆಕ್ಕಪತ್ರ ಇಡುವವರನ್ನು ಕೇಳಿದರೆ ಜಮೀನು, ಕಟ್ಟಡ, ಬ್ಯಾಂಕಿನ ಠೇವಣಿ ಎಂದು ಹೇಳುತ್ತಾರೆ. ಅಧ್ಯಾಪಕರು ಗ್ರಂಥಭಂಡಾರವೆನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳಾದರೋ ಹಿತ್ತಲಿನ ಒಂದು ಮರವನ್ನೋ, ಒಬ್ಬ ಮೇಷ್ಟರ ದನಿಯನ್ನೋ ನೆನೆದು ಸುಮ್ಮನಾಗುತ್ತಾರೆ. ಈ ಮೂರು ಉತ್ತರಗಳೂ ನಿಜವೆ. ಆದರೆ ಕಷ್ಟಕಾಲ ಬಂದಾಗ ಅವು ಒಂದರೊಡನೊಂದು ಜಗಳವಾಡುತ್ತವೆ. ಅಂಥ ಒಂದು ಜಗಳವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

2018ರ ಬೇಸಗೆಯಲ್ಲಿ ಶಿಕಾಗೋ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿಂದ ಎಂಬತ್ತು ಕಿಲೋಮೀಟರಿನಷ್ಟು ಆಗ್ನೇಯಕ್ಕಿರುವ ವಾಲ್ಪರೇಜೊ ಎಂಬ ಊರಿಗೆ ಅವಳು ನನ್ನನ್ನು ಕರೆದೊಯ್ದಳು. ಇಂಡಿಯಾನಾ ರಾಜ್ಯದ ಸಣ್ಣ ಊರು ಅದು. ಹೆಸರು ದಕ್ಷಿಣ ಅಮೆರಿಕದ ಚಿಲಿ ದೇಶದ ಬಂದರಿನಿಂದ ಬಂದದ್ದು. ಸ್ವರ್ಗದ ಕಣಿವೆ ಎಂದು ಅದರ ಅರ್ಥ. ಅಲ್ಲೊಂದು ಲೂಥರನ್ ವಿಶ್ವವಿದ್ಯಾಲಯವಿದೆ. ಕೆಲವೇ ಸಾವಿರ ವಿದ್ಯಾರ್ಥಿಗಳ ಆ ಸಂಸ್ಥೆ ನಮ್ಮ ವಿಶ್ವವಿದ್ಯಾಲಯಗಳ ಎದುರು ಒಂದು ಕಾಲೇಜಿನಷ್ಟೇ ಎಂದು ತೋರೀತು. ಆದರೆ ಅದರ ಚರಿತ್ರೆ ಸಣ್ಣದಲ್ಲ.

1859ರಲ್ಲಿ ಮೆಥಡಿಸ್ಟ್ ಪಂಥದವರು ಗಂಡುಹೆಣ್ಣುಮಕ್ಕಳಿಬ್ಬರಿಗೂ ಒಟ್ಟಿಗೆ ಪಾಠ ಹೇಳಲೆಂದು ಅದನ್ನು ತೆರೆದರು. 1871ರಲ್ಲಿ ಅದು ಮುಚ್ಚಿತು. 1873ರಲ್ಲಿ ಹೆನ್ರಿ ಬೇಕರ್ ಬ್ರೌನ್ ಎಂಬ ಉಪಾಧ್ಯಾಯರು ಮತ್ತೆ ಬಾಗಿಲು ತೆರೆದರು. ಕಡಿಮೆ ಶುಲ್ಕ, ಕಡಿಮೆ ಬೆಲೆಯ ಊಟ, ಬಂದವರಿಗೆಲ್ಲ ಪ್ರವೇಶ ಎಂಬುದು ಅವರ ನೀತಿ. ‘ಬಡವರ ಹಾರ್ವರ್ಡ್’ ಎಂದೇ ಅದಕ್ಕೆ ಹೆಸರಾಯಿತು. ಬ್ರೌನರ ಕಾಲ ಮುಗಿದ ಮೇಲೆ ಸಾಲ ಬೆಳೆಯಿತು. 1923ರಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಕೂಟ ಅದನ್ನು ಕೊಂಡುಕೊಳ್ಳಲು ಮುಂದಾಯಿತು. ಪುಣ್ಯಕ್ಕೆ ಹಣ ಒದಗಲಿಲ್ಲ. 1925ರಲ್ಲಿ ಲೂಥರನ್ ಗೃಹಸ್ಥರೂ ಪಾದ್ರಿಗಳೂ ಕೂಡಿ ಒಂದು ಸಂಘ ಕಟ್ಟಿ ಅದನ್ನು ಕೊಂಡರು. ಚರ್ಚಿನ ಆಡಳಿತಕ್ಕೆ ಒಪ್ಪಿಸದೆ ಸಂಘದ ಕೈಯಲ್ಲೇ ಇರಿಸಿಕೊಂಡದ್ದು ಅವರ ವಿವೇಕ.

ಲೂಥರನ ಪರಂಪರೆ ಕನ್ನಡಿಗರಿಗೆ ತೀರ ಹೊರಗಿನದಲ್ಲ. ಪ್ರತಿಯೊಬ್ಬನೂ ತನ್ನ ಭಾಷೆಯಲ್ಲಿ ತಾನೇ ಓದಬೇಕೆಂಬ ಹಟ ಅದರದು. ಆ ಹಟದಿಂದ ಶಾಲೆಗಳೂ ಮುದ್ರಣಾಲಯಗಳೂ ಹುಟ್ಟಿದುವು. ಲೂಥರನ್ ಮತ್ತು ರಿಫಾರ್ಮ್ಡ್ ಪಂಥಗಳೆರಡರವರೂ ಸೇರಿದ್ದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಎಂ.ಎ. ತರಗತಿಯಲ್ಲಿ ಆ ನಿಘಂಟನ್ನು ಮೊದಲ ಬಾರಿ ಎರಡು ಕೈಯಿಂದ ಎತ್ತಿದವನಿಗೆ ವಾಲ್ಪರೇಜೊ ದೂರದ ನಂಟರ ಮನೆಯಂತೆ ಕಂಡಿತು.

ನಿತ್ಯದ ದುಡಿಮೆಯೂ ದೈವದ ಕರೆಯೇ ಎಂಬುದು ಲೂಥರನ ಇನ್ನೊಂದು ಮಾತು. ಆದಕಾರಣ ಅಲ್ಲಿ ದೇವತಾಶಾಸ್ತ್ರ, ಸಂಗೀತಗಳ ಜೊತೆಗೇ ದಾದಿಯರ ಶಿಕ್ಷಣ, ಎಂಜಿನಿಯರಿಂಗ್, ಹವಾಮಾನಶಾಸ್ತ್ರಗಳೂ ಬೆಳೆದುವು. 1967ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜಿನಲ್ಲಿ ಆಯ್ದ ವಿದ್ಯಾರ್ಥಿಗಳು ಹಿಂದಿನವರ ಮಹಾಗ್ರಂಥಗಳನ್ನು ಓದಿ ಚರ್ಚಿಸುತ್ತಾರೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಎಂಜಿನಿಯರಿಂಗ್ ಪ್ರಯೋಗಶಾಲೆಗೆ ಹಣವಿಲ್ಲದಿದ್ದಾಗ ವಿದ್ಯಾರ್ಥಿಗಳೇ ಕೆಲಸಕ್ಕೆ ನಿಂತು ಆ ಕಟ್ಟಡವನ್ನು ಕಟ್ಟಿದರು. ಅಂಥವರು ಊರು ಬಿಟ್ಟು ಹೋದರೂ ಸಂಸ್ಥೆಯನ್ನು ಬಿಟ್ಟು ಹೋಗುವುದಿಲ್ಲ.

ಇಂಥ ಖಾಸಗಿ ಸಂಸ್ಥೆಗಳಿಗೆ ನಮ್ಮ ಅನುದಾನಿತ ಕಾಲೇಜುಗಳಂತೆ ಸರಕಾರದಿಂದ ಸಂಬಳದ ಹಣ ಬರುವುದಿಲ್ಲ. ವಿದ್ಯಾರ್ಥಿಗಳ ಶುಲ್ಕ, ದಾನಿಗಳು ಕೊಟ್ಟ ಮೂಲಧನದ ಉತ್ಪತ್ತಿ, ಹಳೆಯ ವಿದ್ಯಾರ್ಥಿಗಳ ಕಾಣಿಕೆ, ಇವೇ ಮೂರು ಕಾಲು. ವಿದ್ಯಾರ್ಥಿಗಳ ಸಂಖ್ಯೆ ಇಳಿದರೆ ಪೀಠವೇ ಅಲುಗುತ್ತದೆ. 1879ರಲ್ಲಿ ಆರಂಭವಾಗಿದ್ದ ಅಲ್ಲಿನ ಕಾನೂನು ಶಾಲೆ 2020ರಲ್ಲಿ ಮುಚ್ಚಿತು. 2024ರಲ್ಲಿ, ಓದುವವರು ಕಡಿಮೆಯಾದ ಹಲವು ವಿಷಯಗಳನ್ನು ನಿಲ್ಲಿಸುವ ಮಾತು ಬಂತು.

ನಾನು ಹೋದ ದಿನ ಅಲ್ಲಿಯ ಕಲಾಸಂಗ್ರಹಾಲಯದಲ್ಲಿ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ಜಾರ್ಜಿಯಾ ಓಕೀಫ್ ಎಂಬ ಕಲಾವಿದೆ 1930ರಲ್ಲಿ ಬರೆದ ಕೆಂಪು ಬೆಟ್ಟಗಳ ಚಿತ್ರ. ಪರ್ಸಿ ಸ್ಲೋನ್ ಎಂಬವರು 1953ರಲ್ಲಿ ತಮ್ಮ ತಂದೆಯ ಚಿತ್ರಗಳನ್ನೂ, ಹೊಸ ಚಿತ್ರಗಳನ್ನು ಕೊಳ್ಳಲು ಧನವನ್ನೂ ದಾನವಾಗಿ ಕೊಟ್ಟಿದ್ದರು. ಆ ಧನದಿಂದ 1962ರಲ್ಲಿ ಈ ಚಿತ್ರವನ್ನು ಕೊಂಡರು. ಪಕ್ಕದಲ್ಲಿ ನೋಟ್‌ಪುಸ್ತಕ ಹಿಡಿದ ಹುಡುಗಿಯೊಬ್ಬಳು ನೆಲದ ಮೇಲೆ ಕುಳಿತು ಏನನ್ನೋ ಬರೆದುಕೊಳ್ಳುತ್ತಿದ್ದಳು. ಕಾವಲುಗಾರ ಅವಳನ್ನು ಏಳಿಸಲಿಲ್ಲ.

2023ರ ಫೆಬ್ರವರಿಯಲ್ಲಿ ಆ ಚಿತ್ರವನ್ನೂ ಇನ್ನೆರಡನ್ನೂ ಮಾರುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಮೊದಲ ವರ್ಷದ ವಿದ್ಯಾರ್ಥಿಗಳ ಹಾಸ್ಟೆಲುಗಳನ್ನು ನವೀಕರಿಸಲು ಹಣ ಬೇಕಾಗಿತ್ತು. ಓಕೀಫಳ ಚಿತ್ರವೊಂದಕ್ಕೇ ಕೋಟಿ ಡಾಲರಿಗೂ ಮೀರಿದ ಬೆಲೆ. ಸಂಗ್ರಹಾಲಯಕ್ಕೆ ಯಾರ ಹೆಸರಿತ್ತೋ ಆ ನಿವೃತ್ತ ಪ್ರಾಧ್ಯಾಪಕ ರಿಚರ್ಡ್ ಬ್ರೌಯರ್, ಮಾರುವುದಾದರೆ ತಮ್ಮ ಹೆಸರನ್ನು ಅಲ್ಲಿಂದ ತೆಗೆದುಬಿಡಿ ಎಂದರು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ದಾನಪತ್ರದಲ್ಲಿ ಹೇಳಿದ್ದುದು ಸಂಪ್ರದಾಯಶೈಲಿಯ ಕಲೆ. ಇವುಗಳಲ್ಲಿ ಎರಡು ಚಿತ್ರಗಳು ಆ ಬಗೆಯವಲ್ಲ, ಅವನ್ನು ಕೊಂಡದ್ದೇ ತಪ್ಪು ಎಂದು ವಿಶ್ವವಿದ್ಯಾಲಯ ವಾದಿಸಿತು. 2024ರಲ್ಲಿ ನ್ಯಾಯಾಲಯ ಮಾರಾಟಕ್ಕೆ ಸಮ್ಮತಿಯಿತ್ತಿತು. ಆರು ದಶಕ ಗೋಡೆಯ ಮೇಲೆ ಹೆಮ್ಮೆಯಿಂದ ತೂಗುಹಾಕಿದ್ದನ್ನು ಕೊನೆಗೆ ನಮ್ಮದೇ ತಪ್ಪು ಎಂದು ಹೇಳಬೇಕಾಗಿ ಬಂದದ್ದು ನನಗೆ ಮಾರಾಟಕ್ಕಿಂತ ಹೆಚ್ಚು ನೋವಿನ ಸಂಗತಿಯಾಗಿ ತೋರಿತು.

ಇಷ್ಟು ಹೇಳಿ ನಾನು ನ್ಯಾಯಾಧೀಶನ ಸ್ಥಾನದಲ್ಲಿ ಕುಳಿತರೆ ಆತ್ಮವಂಚನೆಯಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹಳೆಯ ಕನ್ನಡ ಪತ್ರಿಕೆಗಳ ರಟ್ಟು ಕಟ್ಟಿದ ಸಂಪುಟಗಳಿದ್ದುವು. ನಿವೃತ್ತ ಶಾಲಾಮಾಸ್ತರರೊಬ್ಬರು, ಹುಡುಗರು ಓದಲಿ ಎಂದು ಎರಡು ಸಾಲಿನ ಪತ್ರ ಬರೆದು ಅವನ್ನು ಕೊಟ್ಟಿದ್ದರು. ಆ ಕೋಣೆ ಕಂಪ್ಯೂಟರುಗಳಿಗೆ ಬೇಕಾಯಿತು. ಸಂಪುಟಗಳನ್ನು ಯಾರೂ ಮುಟ್ಟುತ್ತಿಲ್ಲವೆಂದು ಸಮಿತಿ ವರದಿಯಿತ್ತಿತು. ಅವು ತೂಕದ ಲೆಕ್ಕದಲ್ಲಿ ಹಳೆಪೇಪರಿನವನ ತಕ್ಕಡಿಗೆ ಹೋದುವು. ವರದಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕೆಲವು ವರ್ಷ ಕಳೆದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಶೋಧನೆಗಾಗಿ ಅವನ್ನು ಹುಡುಕಿಕೊಂಡು ಬಂದ. ಸಂಗತಿ ಹೇಳಿದೆ. “ಹೌದೆ ಸಾರ್?” ಎಂದಷ್ಟೇ ಕೇಳಿ, ಕಾಫಿ ಕುಡಿದು ಹೊರಟುಹೋದ. ಆ ಎರಡು ಮಾತು ಇಂದಿಗೂ ನನ್ನ ಕಿವಿಯಲ್ಲಿವೆ.

ಕಂಪ್ಯೂಟರುಗಳೂ ಬೇಕಾಗಿದ್ದುವು ಎಂಬುದು ಸುಳ್ಳಲ್ಲ. ಸೋರುವ ಹಾಸ್ಟೆಲಿನಲ್ಲಿ ಮಲಗುವ ಹುಡುಗನಿಗೆ ಕೆಂಪು ಬೆಟ್ಟಗಳ ಚಿತ್ರ ತೋರಿಸಿ ಸಮಾಧಾನ ಹೇಳಲಾಗದು. ಆದರೆ ಆ ದಿನ ನಾವು ಮಾಡದೆ ಹೋದ ಕೆಲಸ ಒಂದಿತ್ತು: ಹಳೆಯ ವಿದ್ಯಾರ್ಥಿಗಳಿಗೆ ಒಂದು ಕಾರ್ಡು ಬರೆದು, ಇವನ್ನು ಇಡಲು ನಿಮ್ಮಲ್ಲಿ ಯಾರಿಗಾದರೂ ಜಾಗವಿದೆಯೆ ಎಂದು ಕೇಳಲಿಲ್ಲ. ಅವರೂ ಅಷ್ಟೆ, ಸುವರ್ಣೋತ್ಸವಕ್ಕೆ ಬಂದು ಹೆಬ್ಬಾಗಿಲಿಗೆ ಹಣ ಕೊಟ್ಟು, ಹಾರ ಹಾಕಿಸಿಕೊಂಡು ಹೋದರು. ಗ್ರಂಥಭಂಡಾರದ ಬಾಗಿಲನ್ನು ಒಬ್ಬರೂ ತಟ್ಟಲಿಲ್ಲ.

ದಾನವಾಗಿ ಬಂದದ್ದು ನಮ್ಮ ಸ್ವತ್ತಲ್ಲ, ನಮ್ಮಲ್ಲಿ ಇರಿಸಿದ ನಂಬಿಕೆ. ಅದನ್ನು ಮಾರುವ ಹಕ್ಕು ಯಾರದೆಂದು ಕಾನೂನು ಹೇಳಬಲ್ಲದು. ಮಾರುವ ಮುಂಚೆ ಯಾರನ್ನು ಕೇಳಬೇಕೆಂಬುದನ್ನು ಮಾತ್ರ ನಾವೇ ಕಲಿಯಬೇಕು. ಈ ಭಾಷಣ ಕೇಳುತ್ತಿರುವವರಲ್ಲಿ ಯಾವುದಾದರೊಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಇದ್ದೇ ಇರುತ್ತೀರಿ. ಮುಂದಿನ ಉತ್ಸವಕ್ಕೆ ಕಾಯಬೇಡಿ. ಯಾವುದಾದರೊಂದು ಸಾಮಾನ್ಯ ದಿನ ಅಲ್ಲಿಗೆ ಹೋಗಿ, ಗ್ರಂಥಭಂಡಾರದಲ್ಲಿ ನೀವು ಓದಿದ ಪುಸ್ತಕ ಇನ್ನೂ ಇದೆಯೆ ಎಂದು ವಿಚಾರಿಸಿ. ವಿಚಾರಿಸುವವರು ಇದ್ದಾರೆಂದು ತಿಳಿದರೆ ಸಹಿ ಹಾಕುವ ಕೈ ಸ್ವಲ್ಪ ತಡೆಯುತ್ತದೆ.

(ಆಕಾಶವಾಣಿಯ ಕೃಪೆಯಿಂದ)