ಹೊನ್ನಮೀನಿನ ಹಸಿವು

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಮೂರು ಹೊನ್ನಮೀನುಗಳಿದ್ದವು. ಪೇಟೆಯವರು ಗೋಲ್ಡ್‌ಫಿಷ್ ಎನ್ನುವುದು ಇದನ್ನೇ. ಬೆಳಗ್ಗೆ ಪೂಜೆ ಮುಗಿಸಿ ಬರುವಾಗ ನಮ್ಮ ತಾಯಿ ಅವಕ್ಕೆ ಒಂದು ಚಿಟಿಕೆ ಆಹಾರ ಹಾಕುತ್ತಿದ್ದರು; ಶಾಲೆಯಿಂದ ಬಂದೊಡನೆ ಮಗ ಒಂದು ಚಿಟಿಕೆ; ಸಂಜೆ ಬಂದ ನೆಂಟರಿಗೆ ತೋರಿಸುವ ನೆಪದಲ್ಲಿ ನಾನೂ ಒಂದು ಚಿಟಿಕೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದು. ಬಳಿ ಹೋಗಿ ನಿಂತರೆ ಸಾಕು, ಮೂರೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹಾಗೆ ಬೇಡುವ ಜೀವಕ್ಕೆ ಇಲ್ಲವೆನ್ನುವುದು ಹೇಗೆ? ಕೆಲವೇ ದಿನಗಳಲ್ಲಿ ನೀರು ಮಸುಕಾಯಿತು. ಒಂದೇ ರಾತ್ರಿಯಲ್ಲಿ ಎರಡು ಮೀನುಗಳು ಸತ್ತವು. "ನಾವು ಊಟ ಕಡಿಮೆ ಹಾಕಿದೆವೇನಪ್ಪ?" ಎಂದು ಮಗ ಕೇಳಿದ. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವಿದ್ದುದು ಆ ಮೀನಿನ ಒಡಲಲ್ಲಿ. ಸಾವಿರ ವರ್ಷಗಳ ಹಿಂದೆ ಚೀನೀಯರು ಕೊಳಗಳಲ್ಲಿ ಸಾಕಿ ಪಳಗಿಸಿದ ಈ ಮೀನು ನಮ್ಮ ಗೆಂಡೆ, ಕಾಟ್ಲಾ, ರೋಹುಗಳ ಬಳಗಕ್ಕೆ ಸೇರಿದ್ದು. ಈ ಬಳಗದ ಮೀನುಗಳಿಗೆ ಜಠರವೆಂಬುದೇ ಇಲ್ಲ. ಗಂಟಲಿನ ಹಲ್ಲುಗಳಲ್ಲಿ ಅರೆದ ಆಹಾರ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಸರನ್ನು ಕೆದಕುತ್ತ, ಪಾಚಿ, ಹುಳು, ಎಳೆಯ ಸೊಪ್ಪುಗಳನ್ನು ದಿನವಿಡೀ ಇಷ್ಟಿಷ್ಟೇ ಮೇಯುವುದು ಅದರ ಹುಟ್ಟುಗುಣ. ಆದುದರಿಂದ ಮನುಷ್ಯನನ್ನು ಕಂಡು ಅದು ಬಾಯಿ ತೆರೆದರೆ ಅದನ್ನು ಹಸಿವೆಂದು ತಿಳಿಯಬಾರದು, ಅಭ್ಯಾಸವೆಂದು ತಿಳಿಯಬೇಕು.

ಇನ್ನು ನೀರಿನ ಮಾತು. ಮೀನು ತಿಂದ ಸಸಾರಜನಕದ ಕಲ್ಮಷ ಅಮೋನಿಯವಾಗಿ ಮುಖ್ಯವಾಗಿ ಕಿವಿರುಗಳ ಮೂಲಕ ಹೊರಬೀಳುತ್ತದೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅದನ್ನೇ ಹೆಚ್ಚಿಸುತ್ತದೆ. ಸೋಸುಕದಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಈ ವಿಷವನ್ನು ನೈಟ್ರೈಟ್ ಆಗಿಯೂ ಅನಂತರ ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವುಗಳ ಶಕ್ತಿಗೂ ಒಂದು ಮಿತಿಯುಂಟು. ನಮ್ಮ ಮೂರು ಚಿಟಿಕೆಗಳು ಆ ಮಿತಿಯನ್ನು ದಾಟಿದ್ದವು. ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರು ಮೀನುಗಳಿಗೆ ಪುರಿ ಚೆಲ್ಲುವುದನ್ನು ತಾವು ನೋಡಿರಬಹುದು. ಅಲ್ಲಿ ಹರಿಯುವ ಹೊಳೆಯೇ ಕಸವನ್ನು ಒಯ್ಯುತ್ತದೆ. ಗಾಜಿನ ತೊಟ್ಟಿ ತುಂಗೆಯಲ್ಲ.

ಹಾಗಾದರೆ ಎಷ್ಟು ಹಾಕಬೇಕು? ಎರಡು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಅಥವಾ ಎರಡು ಬಾರಿ. ಮಿಕ್ಕಿದ್ದನ್ನು ಕೂಡಲೇ ತೆಗೆಯಬೇಕು. ಮರಿಗಳಿಗೆ ಮಾತ್ರ ಇನ್ನೂ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ. ಅಂಗಡಿಯ ಗುಳಿಗೆ ಕೊಳ್ಳುವಾಗ ಹೊನ್ನಮೀನಿಗೆಂದೇ ತಯಾರಾದದ್ದನ್ನು ಕೇಳಿ ಪಡೆಯುವುದು ಲೇಸು. ಬೆಳೆದ ಮೀನಿಗೆ ಶೇಕಡಾ 30ರ ಆಸುಪಾಸಿನ ಸಸಾರಜನಕ ಸಾಕಾಗುತ್ತದೆ. ಒರಾಂಡ, ರ್‍ಯೂಕಿನ್ ಮೊದಲಾದ ಗುಂಡುಹೊಟ್ಟೆಯ ತಳಿಗಳು ತೇಲುವ ತುಣುಕುಗಳೊಡನೆ ಗಾಳಿಯನ್ನೂ ನುಂಗಿ ತಲೆಕೆಳಗಾಗಿ ತೇಲುವುದುಂಟು. ಅವಕ್ಕೆ ಮುಳುಗುವ ಗುಳಿಗೆಯನ್ನು ಒಂದೆರಡು ನಿಮಿಷ ನೆನೆಸಿ ಹಾಕುವುದು ಒಳ್ಳೆಯದು. ಉಪ್ಪಿಲ್ಲದೆ ಬೇಯಿಸಿ ಸಿಪ್ಪೆ ಸುಲಿದ ಹಸಿಬಟಾಣಿಯನ್ನು ವಾರಕ್ಕೊಮ್ಮೆ ಹಿಸುಕಿ ಕೊಟ್ಟರೆ ಮಲಬದ್ಧತೆ ದೂರವಾಗುತ್ತದೆ. ನೀರುಚಿಗಟಗಳೂ ಸೊಳ್ಳೆಯ ಮರಿಹುಳುಗಳೂ ಅವಕ್ಕೆ ಹಬ್ಬದೂಟ. ಆದರೆ ಚರಂಡಿಯಿಂದ ತಂದ ಹುಳುಗಳ ಜೊತೆಗೆ ರೋಗವೂ ಬಂದೀತು. ಬ್ರೆಡ್ಡು, ಅನ್ನದಗುಳು ಬೇಡವೇ ಬೇಡ. ವೈಟ್ ಕ್ಲೌಡ್‌ನಂಥ ಪುಟ್ಟ ತಣ್ಣೀರಿನ ಮೀನುಗಳಿಗೆ ಇದೇ ಆಹಾರವನ್ನು ಪುಡಿಮಾಡಿ ಹಾಕಿದರಾಯಿತು.

ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿಯೂ ಕುಗ್ಗುತ್ತದೆ. ಚಳಿದೇಶಗಳಲ್ಲಿ ಕೊಳದ ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಆಹಾರವನ್ನೇ ನಿಲ್ಲಿಸುತ್ತಾರೆ. ನಮ್ಮ ಮನೆಗಳಲ್ಲಿ ಅಷ್ಟು ಚಳಿಯಿಲ್ಲ. ಆದರೂ ಬೆಂಗಳೂರು, ಮಡಿಕೇರಿಗಳಲ್ಲಿ ಧನುರ್ಮಾಸದ ದಿನಗಳಲ್ಲಿ ಆಹಾರವನ್ನು ತುಸು ಕಡಿಮೆ ಮಾಡಬಹುದು.

ಉಳಿದ ಮೂರನೆಯ ಮೀನು ಈಗಲೂ ನಮ್ಮಲ್ಲಿದೆ. ಕಳೆದ ಬೇಸಗೆಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ಮದುವೆಗೆಂದು ಊರಿಗೆ ಹೊರಟಾಗ, ಆಹಾರದ ಡಬ್ಬಿಯನ್ನು ನೆರೆಮನೆಯವರಿಗೆ ಕೊಟ್ಟುಬರುವೆನೆಂದು ತಾಯಿ ಹಟ ಹಿಡಿದರು. ಆರೋಗ್ಯವಾಗಿರುವ ಬೆಳೆದ ಮೀನು ಒಂದು ವಾರ ಉಪವಾಸವಿದ್ದರೂ ಕೆಡುಕಿಲ್ಲವೆಂದರೆ ಅವರು ನಂಬಲಿಲ್ಲ. ಮಗ ಸದ್ದಿಲ್ಲದೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ನಾವು ಹಿಂದಿರುಗಿದಾಗ ಮೀನು ಕಲ್ಲಿನ ಮೇಲಣ ಪಾಚಿಯನ್ನು ಕೆರೆಯುತ್ತಿತ್ತು. ನಮ್ಮನ್ನು ಕಂಡದ್ದೇ ಮೇಲೆ ಬಂದು ಬಾಯಿ ತೆರೆಯಿತು.