ಸೇನೆ ಸರಿ, ಯಾವ ಸೇನೆ?

ಮಾದಪ್ಪನ ಬೆಟ್ಟ ಇಳಿದು ತಮಿಳುನಾಡಿನ ಕಡೆ ಹೊರಟರೆ ಪಾಲಾರ್ ಸಿಗುತ್ತೆ. ಹೊಳೆ, ಸೇತುವೆ, ಚೆಕ್‌ಪೋಸ್ಟ್. ಅಲ್ಲೊಂದು ಟೀ ಅಂಗಡಿ ಮುಂದೆ ಹುಡುಗನೊಬ್ಬ ನನ್ನನ್ನ ಗುರುತು ಹಿಡಿದ. ವಯಸ್ಸು 22. ಕೊಳ್ಳೇಗಾಲಕ್ಕೆ ಹೋಗಿ ಬಿಎ ಮುಗಿಸಿದ್ದಾನೆ. ಕೇಳಿದ: 'ಸರ್, ದೇಶಸೇವೆ ಮಾಡ್ಬೇಕು. ಆರ್ಮಿನಾ, ನೇವಿನಾ, ಏರ್‌ಫೋರ್ಸಾ?'

'ನಿನಗೇನು ಇಷ್ಟ?' ಅಂದೆ. ಮೊಬೈಲ್ ತೋರಿಸಿದ. ಪರದೆ ಮೇಲೆ ಯುದ್ಧ ವಿಮಾನ. 'ಪಿಯುಸಿಲಿ ಏನಪ್ಪಾ ತಗೊಂಡಿದ್ದೆ?' 'ಆರ್ಟ್ಸ್ ಸರ್.'

ಮುಗೀತು. ಬಿಎ ಓದಿದವನು ವಿಮಾನ ಹಾರಿಸಬಾರದು ಅಂತೇನಿಲ್ಲ. ಆದರೆ ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಓದಿರಬೇಕು. ಪದವಿ ಆದಮೇಲೆ ಸೇನೆ ಆರಿಸೋಣ ಅಂದುಕೊಂಡಿದ್ದ ಈ ಹುಡುಗನ ಒಂದು ಆಯ್ಕೆ, ಹತ್ತನೇ ತರಗತಿ ಮುಗಿದ ದಿನ ಅಡ್ಮಿಷನ್ ಕ್ಯೂನಲ್ಲೇ ಕೈತಪ್ಪಿತ್ತು. ಅವನಿಗೆ ಅದನ್ನು ಹೇಳಿದವರು ಯಾರೂ ಇಲ್ಲ.

ಹಾಗಾದ್ರೆ ಉಳಿದದ್ದೇನು? ನೋಡಿ, ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಸಿಡಿಎಸ್ ಪರೀಕ್ಷೆ ನಡೆಸುತ್ತೆ. ನೌಕಾ ಅಕಾಡೆಮಿಗೆ ಎಂಜಿನಿಯರಿಂಗ್ ಪದವಿ ಬೇಕು. ಡೆಹ್ರಾಡೂನ್‌ನ ಸೇನಾ ಅಕಾಡೆಮಿಗೆ, ಚೆನ್ನೈನ ಒಟಿಎಗೆ ಯಾವ ಪದವಿಯಾದರೂ ನಡೆಯುತ್ತೆ. ವಾಯುಪಡೆಯಲ್ಲೇ ಇರಬೇಕಾ? ಪದವಿಯಲ್ಲಿ 60 ಪರ್ಸೆಂಟ್ ಇದ್ದರೆ ಎಎಫ್‌ಕ್ಯಾಟ್ ಬರೆದು ಆಡಳಿತ ವಿಭಾಗಕ್ಕೆ ಪ್ರಯತ್ನಿಸಬಹುದು. ಬರೆದು ಪಾಸಾದರೆ ಸಾಲದು, ಎಸ್‌ಎಸ್‌ಬಿ ಸಂದರ್ಶನ ದಾಟಬೇಕು. ವಾಯುಪಡೆಯ ಅಂಥದ್ದೊಂದು ಆಯ್ಕೆ ಮಂಡಳಿ ನಮ್ಮ ಮೈಸೂರಲ್ಲೇ ಇದೆ ಸ್ವಾಮಿ! ಅಗ್ನಿವೀರ್ ದಾರಿಗೆ ಪದವಿಯೇ ಬೇಕಿಲ್ಲ. ಆದರೆ ಅದು ನಾಲ್ಕು ವರ್ಷದ ಸೇವೆ. ಆಮೇಲೆ ಉಳಿಯೋದು ನೂರಕ್ಕೆ 25 ಮಂದಿವರೆಗೆ ಮಾತ್ರ.

ಪಕ್ಕದಲ್ಲಿ ಅವನ ಅಪ್ಪ ಕೂತಿದ್ದರು. 'ಯಾವ ಯೂನಿಫಾರಮ್ಮೂ ಬ್ಯಾಡ ಸಾ. ಆವತ್ತಿನ ಸದ್ದು ಇನ್ನೂ ಕಿವೀಲದೆ' ಅಂದರು.

ಯಾವತ್ತಿನ ಸದ್ದು ಅಂತ ನಾನು ಕೇಳಲಿಲ್ಲ. 1993ರ ಏಪ್ರಿಲ್ 9. ಇದೇ ಪಾಲಾರ್ ಹತ್ತಿರ ವೀರಪ್ಪನ್ ಇಟ್ಟಿದ್ದ ನೆಲಬಾಂಬ್‌ಗೆ 22 ಜನ ಬಲಿಯಾದರು. ಅವರು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು. ಈ ಕಾಡಿಗೆ ಆಗ ಬಿಎಸ್‌ಎಫ್ ಕೂಡ ಬಂದಿತ್ತು. ಬಹಳ ಜನ ಅದನ್ನೂ 'ಮಿಲಿಟ್ರಿ' ಅಂತಾರೆ. ಅಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್ ಎಲ್ಲ ಗೃಹ ಸಚಿವಾಲಯದ ಅಡಿ ಬರುತ್ತವೆ. ಅಲ್ಲಿ ಅಸಿಸ್ಟೆಂಟ್ ಕಮಾಂಡೆಂಟ್ ಆಗೋಕೂ ಯುಪಿಎಸ್‌ಸಿ ಪರೀಕ್ಷೆ ಇದೆ. ಯಾವ ಪದವಿಯಾದರೂ ಸಾಕು. ಐದನೆಯ ಈ ದಾರಿಯನ್ನ ನಮ್ಮ ಹುಡುಗರು ಲೆಕ್ಕಕ್ಕೇ ಇಟ್ಟಿಲ್ಲ.

ಆ ತಂದೆಯ ಭಯ ಸುಳ್ಳಲ್ಲ. ಸಿಯಾಚಿನ್ ಹಿಮದಡಿಯಿಂದ ಜೀವಂತವಾಗಿ ಬಂದ ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇಡೀ ರಾಜ್ಯ ಅತ್ತಿತು. ಅದಕ್ಕೇ ಹೇಳ್ತೀನಿ, ಸಮವಸ್ತ್ರದ ಬಣ್ಣ ನೋಡಿ ಆರಿಸಬೇಡಿ. ಒಂದು ಸಾಮಾನ್ಯ ದಿನ ಹೇಗಿರುತ್ತೆ ಅಂತ ಕೇಳಿ. ತಿಂಗಳುಗಟ್ಟಲೆ ಹಡಗಿನಲ್ಲಿ ಇರಬಲ್ಲೆನಾ? ಹಿಮದಲ್ಲಿ ಮೂವತ್ತು ಜನರನ್ನ ನಡೆಸಬಲ್ಲೆನಾ? ವಿಮಾನ ನೆಲದಿಂದ ಏಳೋಕೆ ಹಗಲೂ ರಾತ್ರಿ ಕೆಳಗೇ ದುಡಿಯಬಲ್ಲೆನಾ? ಕಾಡಲ್ಲಿ, ಗಡಿಯಲ್ಲಿ ಹೆಸರಿಲ್ಲದೆ ಕಾಯಬಲ್ಲೆನಾ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಕಾಡು ನಂಗೆ ಗೊತ್ತು ಸರ್' ಅಂದ. ಅಪ್ಪ ಮಾತಾಡಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಗಡಿ ಊರಿನ ಮೇಷ್ಟ್ರುಗಳೇ, ನಿಮಗೊಂದು ಮಾತು. ಈ ಲೆಕ್ಕವನ್ನ ಹತ್ತನೇ ಕ್ಲಾಸಿನ ಬೋರ್ಡ್ ಮೇಲೆ ಬರೆಯಿರಿ. ಇನ್ನೊಬ್ಬ ಹುಡುಗ ಟೀ ಅಂಗಡಿಯಲ್ಲಿ, ಟಿವಿಯವನು ಸಿಕ್ಕಾಗ, ತಡವಾಗಿ ಕೇಳುವಂತಾಗಬಾರದು.