ನಳ ಒಡದ್ರ ಮೊದಲ ಏನ್ ಮಾಡಬೇಕು?

ಮಸೂತಿಯಿಂದ ಮಾತಾಡಾಕತ್ತೀನಿ. ನಮ್ಮೂರ ಚಳಿಗೆ ಪೈಪಿನ್ಯಾಗ ನೀರು ಹೆಪ್ಪುಗಟ್ಟೂದಿಲ್ಲ. ಆದ್ರ 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಭಾರೀ ಹಿಮ ಬಿತ್ತು. ಲಕ್ಷಗಟ್ಟಲೆ ಮನೆಗಳಿಗೆ ಕರೆಂಟ್ ಹೋತು, ಎಷ್ಟೋ ಮನ್ಯಾಗ ಪೈಪ್ ಒಡದವು.

ನಮ್ಮಕ್ಕ ಇರೂದು ಡಲ್ಲಾಸಿನ್ಯಾಗ. ರಾತ್ರಿ ಫೋನ್ ಮಾಡಿ, "ತಮ್ಮಾ, ನಳದಾಗ ಹನಿ ನೀರು ಬರವಲ್ದು" ಅಂದ್ಳು. ಎರಡು ದಿನ ಬಿಟ್ಟು ಚಳಿ ಇಳೀತು. ಆವಾಗ ಛಾವಣಿಯಿಂದ ನೀರು ಸುರಿಯಾಕ ಸುರುವಾತು! ಮೇನ್ ವಾಲ್ವ್ ಎಲ್ಲೈತಿ ಅಂತ ಮನ್ಯಾಗ ಯಾರಿಗೂ ಗೊತ್ತಿಲ್ಲ. ಹುಡುಕೂದ್ರಾಗ ಹಾಲ್ ಕೆರಿ ಆಗಿತ್ತು.

ಯಾಕಂದ್ರ, ನೀರು ಮಂಜುಗಡ್ಡೆ ಆದಾಗ ಸುಮಾರು 9% ಹಿಗ್ಗತೈತಿ. ಆ ಒತ್ತಡಕ್ಕ ಪೈಪ್ ಸೀಳತೈತಿ. ಗಡ್ಡೆ ಕರಗೋತನಕ ಅದು ಗೊತ್ತಾಗೂದಿಲ್ಲ.

ಅದಕ್ಕ ಚಳಿದೇಶದಾಗ ಇರೋ ಗೆಳೆಯರೇ, ನೀರು ನಿಂತ್ರ ಮೊದಲ ಮೇನ್ ವಾಲ್ವ್ ಬಂದ್ ಮಾಡ್ರಿ. ನಳ ತೆರೆದಿಡ್ರಿ. ನಳದ ಕಡೆಯಿಂದ ಹಿಂದಕ್ಕ ಹೇರ್ ಡ್ರೈಯರ್ ಹಿಡೀರಿ. ಬೆಂಕಿ ಮಾತ್ರ ಬ್ಯಾಡ. ಪೈಪ್ ಒಡದು ನೀರು ನಿಂತಿದ್ರ, ಅಲ್ಲಿ ಕರೆಂಟಿನ ಸಾಮಾನು ಮುಟ್ಟಬ್ಯಾಡ್ರಿ.

ಊರಾಗ ಇರೋರೂ ನಗಬ್ಯಾಡ್ರಿ. ಬಿಸಿಲಾಗ ಬಿದ್ದ ಪಿವಿಸಿ ಪೈಪ್ ಪೆಡಸಾಗಿ ನಮ್ಮಲ್ಲೂ ಒಡೀತಾವ. ನಿಮ್ಮನಿ ವಾಲ್ವ್ ಎಲ್ಲೈತಿ? ಇವತ್ತ ಎದ್ದು ನೋಡ್ಕೊಂಡ್ ಬರ್ರಿ.